ವೇಷದಾಗಿನ ನಟನ ಕ್ಯಾರಿಕೇಚರ್: ಕಿರೀಟ ಕಾಣತೈತಿ, ಮನಶ್ಯಾ ಕಾಣೂದಿಲ್ಲ, ಏನ್ ಮಾಡೂದು?

ಹಾನಗಲ್ ಗೆರಿ:
ಎಲ್ಲಾರಿಗೂ ನಮಸ್ಕಾರ್ರಿ. ಜಾತ್ರಿಗೆ ದೊಡ್ಡಾಟ (ನಮ್ಮ ಕಡೆ ರಾತ್ರಿ ಆಡೂ ಬಯಲಾಟ) ಐತಿ. ದುರ್ಯೋಧನನ ಪಾತ್ರಧಾರಿದು ಕ್ಯಾರಿಕೇಚರ್ (ಮನಶ್ಯಾನ ಗುರ್ತ ಹಿಗ್ಗಿಸಿ ಬರಿಯೂ ನಗಿಚಿತ್ರ) ಬರದು, ಆರು ಫೂಟಿನ ಕಟೌಟ್ ಮಾಡಿ ಬಾಗಲದಾಗ ನಿಲ್ಲಸೂದು ಕಮಿಟಿಯವರ ವಿಚಾರ. ತೊಂದ್ರಿ ಏನಂದ್ರ, ವೇಷ ಕಟ್ಟಿದ ಮ್ಯಾಲ ಮುಖ ಅಂಗೈಯಷ್ಟ ಉಳೀತೈತಿ. ಕಿರೀಟ, ಭುಜಕೀರ್ತಿ, ಎದಿಕವಚ, ಮೀಸಿ ಎಲ್ಲಾ ಗೆರಿಗೆ ಇಳಿಸಿದ್ರ ಕ್ಯಾಲೆಂಡರಿನ ರಾಜ ಬರ್ತಾನ, ಊರ ಮಂದಿಗೆ ನಮ್ಮಾಂವ ಅಂತ ಗುರ್ತ ಹತ್ತೂದಿಲ್ಲ. ನಟಂದು ಅಗಲ ದವಡಿ, ಗಿಡ್ಡ ಕುತ್ತಿಗಿ, ದೂರ ದೂರ ಇರೂ ಕಣ್ಣು. ನಿಲ್ಲೂವಾಗ ಎಡಗಾಲು ಹೊರಗ ಚಾಚ್ತಾನ. ಇದ್ರಾಗ ಯಾವ್ದು ಹಿಗ್ಗಸಬೇಕು, ಯಾವ್ದು ಬಿಡಬೇಕು? ಹಾಳಿ, ಶಾಯಿ, ಪ್ರಿಂಟಿನ ಬಗ್ಗೆ ಗೊತ್ತಿದ್ದವರೂ ಹೇಳ್ರಿ.

ಕುಂದಗೋಳ ಕುಂಚ:
ಕಿರೀಟ ಸಣ್ಣದ ಮಾಡ್ರಿ, ಮುಖ ದೊಡ್ಡದ ಮಾಡ್ರಿ. ಮುಗೀತು.

ಸೈಡ್ ವಿಂಗ್:
ಅಷ್ಟ ಹಗುರ ಇದ್ರ ಎಲ್ಲಾರೂ ಬರೀತಿದ್ರಲ್ರಿ ಕುಂಚದವರ. ಕಿರೀಟ ಸಣ್ಣದಾತಂದ್ರ ದುರ್ಯೋಧನ ಹೋಗಿ ಶಾಲಿ ಗ್ಯಾದರಿಂಗಿನ ಹುಡುಗ ಆಗ್ತಾನ. ದೊಡ್ಡಾಟದ ವೇಷಕ್ಕ ಭಾರಾನ ಜೀವ. ಕಿರೀಟ ಹಂಗ ಇರ್ಲಿ, ಅದು ತಲಿ ಮ್ಯಾಲ ಕುಂಡ್ರೂ ರೀತಿ ಬದಲಸ್ರಿ. ಗಿಡ್ಡ ಕುತ್ತಿಗಿ ಅಂದ್ರಲ್ಲ? ಕಿರೀಟ ಮುಖಾ ಕೆಳಗ ಒತ್ತಿ ಗಲ್ಲ ಹೋಗಿ ಕೊರಳಹಾರದಾಗ ಮುಳಗಬೇಕು. ಭುಜಕೀರ್ತಿ ಎರಡೂ ಕಿವಿ ಮಟಾ ಏರಬೇಕು. ವೇಷ ಅಂವನ ಮೈ ಜೋಡಿ ಎಲ್ಲಿ ಜಗಳಾ ತಗೀತೈತಿ ನೋಡ್ರಿ. ಹಿಗ್ಗಸೂದು ಆ ಜಾಗ. ಬರೇ ವೇಷ ಹಿಗ್ಗಿಸಿದ್ರ ಅಂಗಡಿ ಜಾಹೀರಾತು, ಬರೇ ಮೂಗು ಹಿಗ್ಗಿಸಿದ್ರ ಯಾವ ನಾಟಕದಾಂವ ಅಂತ ತಿಳಿಯೂದಿಲ್ಲ.

ಮಾಳಮಡ್ಡಿ:
ಸೈಡ್ ವಿಂಗ್ ಅವರು ಹೇಳಿದ್ದು ಸರಿ. ಅದಕ್ಕೂ ಮೊದಲು ವೇಷ ಏನೇನು ಮುಚ್ಚುತ್ತದೆ ಎಂದು ನೋಡಿಕೊಳ್ಳಿ. ಕಿರೀಟದ ಪಟ್ಟಿ ಹುಬ್ಬಿನ ಮೇಲೆ ಒಂದೆರಡು ಬೆರಳಿಗೇ ಬಂದು ನಿಲ್ಲುತ್ತದೆ, ಅಂದರೆ ಹಣೆ ಹೋಯಿತು, ಕೂದಲಿನ ಅಂಚು ಹೋಯಿತು. ಮೀಸೆ ಮೇಲ್ದುಟಿ ನುಂಗುತ್ತದೆ. ಕರ್ಣಪತ್ರ ಕಿವಿ ಮುಚ್ಚುತ್ತದೆ. ಬಣ್ಣದ ಹುಬ್ಬು ಅಸಲಿ ಹುಬ್ಬಿಗಿಂತ ಮೇಲೆ ಇರುತ್ತದೆ. ನಾವು ಒಬ್ಬರನ್ನು ಗುರುತಿಸಲು ನೆಚ್ಚಿಕೊಳ್ಳುವ ಅರ್ಧ ಗುರುತು ಇಲ್ಲೇ ಅಳಿಸಿ ಹೋಗಿರುತ್ತದೆ.

ಉಳಿಯುವುದು ಏನು? ಎರಡು ಕಣ್ಣಿನ ನಡುವಿನ ಅಂತರ, ಮೂಗಿನ ತುದಿಯಿಂದ ಕೆಳದುಟಿಗೆ ಇರುವ ದೂರ, ದವಡೆಯ ಮೂಲೆ, ಬಾಯಿ ತೆರೆದಾಗ ಕಾಣುವ ಹಲ್ಲಿನ ಸಾಲು, ಕುತ್ತಿಗೆ, ಮುಂಗೈ, ಬೆರಳು, ಮೊಣಕಾಲು. ಬಣ್ಣ ಇವನ್ನು ಬದಲಿಸಲಾರದು. ಹಾನಗಲ್ ಅವರು ಬರೆದ ನಾಲ್ಕೂ ಲಕ್ಷಣ ಈ ಕಡೆಯವೇ, ಪುಣ್ಯ. ಆದರೆ ನಾಲ್ಕನ್ನೂ ಹಿಗ್ಗಿಸಬೇಡಿ. ದವಡೆ ಮತ್ತು ಕುತ್ತಿಗೆ ಒಂದೇ ಮಾತು ಹೇಳುತ್ತವೆ, ಅದನ್ನು ಪೂರ್ತಿ ಎಳೆಯಿರಿ. ಕಣ್ಣಿನ ಅಂತರ ತುಸು ಹೆಚ್ಚಿಸಿ. ಕಾಲು ಇದ್ದ ಹಾಗೆ ಇರಲಿ, ಭಂಗಿಯಲ್ಲೇ ಅದು ಬರುತ್ತದೆ.

ಬ್ಯಾಡಗಿ ಖಾರ:
ಅಳತಿ ಹೇಳ್ರಿ ಅಳತಿ. ಬರೇ ತತ್ವ ಆತು.

ಸೈಡ್ ವಿಂಗ್:
ತಗೋರಿ ಖಾರದವರ. ಸಾದಾ ಮನಶ್ಯಾನ ಮೈ ಏಳು, ಏಳೂವರಿ ತಲಿ ಎತ್ತರ. ಕ್ಯಾರಿಕೇಚರಿಗೆ ಮೂರರಿಂದ ನಾಕು ತಲಿ ಸಾಕು. ಆದ್ರ ಕಿರೀಟದ ವೇಷಕ್ಕ ಈ ಲೆಕ್ಕಾ ಹತ್ತೂದಿಲ್ಲ, ತಲಿ ಎಲ್ಲಿ ಮುಗೀತೈತಿ ಅನ್ನೂದ ತಿಳಿಯೂದಿಲ್ಲ. ಅದಕ್ಕ ಗಲ್ಲದಿಂದ ಕಿರೀಟದ ಪಟ್ಟಿ ತನಕ ಕಾಣೂ ಮುಖಾ ಒಂದು ಮಾಪು ಅಂತ ಹಿಡೀರಿ. ಕಿರೀಟಕ್ಕ ಒಂದು ಮಾಪು, ಮುಖಕ್ಕ ಒಂದು, ಗಲ್ಲದ ಕೆಳಗ ಎರಡೂವರಿ. ಒಟ್ಟು ನಾಕೂವರಿ. ಆರು ಫೂಟು ಅಂದ್ರ 72 ಇಂಚು, ಮುಖಾ 16 ಇಂಚು ಬರತೈತಿ. ಏ3 ಹಾಳ್ಯಾಗ (42 ಸೆಂಟಿಮೀಟರ್ ಉದ್ದಂದು) ಅದ ಮುಖಾ 9 ಸೆಂಟಿಮೀಟರ್ ಮ್ಯಾಲ ಚೂರು. ಅಸಲಿ ವೇಷದಾಗ ಕಿರೀಟ ಕಾಣೂ ಮುಖಕ್ಕಿಂತ ಎತ್ತರ ಇರತೈತಿ, ಇಲ್ಲಿ ಸರಿಸಮ. ಕುಂಚದವರ ಮಾತೂ ಅಷ್ಟರ ಮಟ್ಟಿಗೆ ನಡೀತು ಅನ್ರಿ.

ಕುಂದಗೋಳ ಕುಂಚ:
ಅದನ್ನ ನಾನು ಒಂದ ಸಾಲಿನ್ಯಾಗ ಹೇಳಿದ್ದೆ 😄

ಬೇಗಡೆ:
ತಾಲೀಮಿನ್ಯಾಗ ಒಂದು ಸ್ಕೆಚ್, ಆಟದ ರಾತ್ರಿ ಒಂದು ಸ್ಕೆಚ್, ಎರಡೂ ಬೇಕ್ರಿ. ತಾಲೀಮಿನ್ಯಾಗ ಅಂಗಿ ಲುಂಗಿ ಮ್ಯಾಲ ಇದ್ದಾಗ ಹಣಿ, ಕಿವಿ, ಅಸಲಿ ಹುಬ್ಬು ಸಿಗತಾವು. ಅದ್ರ ಮ್ಯಾಲ ಟ್ರೇಸಿಂಗ್ ಪೇಪರ್ ಹಾಕಿ ವೇಷದ ಸ್ಕೆಚ್ ಕೂಡಸ್ರಿ. ಕಣ್ಣು ಮತ್ತ ದವಡಿ ಎರಡರಾಗೂ ಒಂದ ಜಾಗಾಕ್ಕ ಬಂದ್ರ ಗುರ್ತ ಕೆಡೂದಿಲ್ಲ.

ಆಟದ ರಾತ್ರಿ ಯಾವಾಗ ಕುಂಡ್ರಬೇಕು ಅನ್ನೂದೂ ಮುಖ್ಯ. ಶುರುವಿನ್ಯಾಗ ಬಣ್ಣ ಹೊಸಾದು, ಎಲ್ಲಾ ರಾಜರೂ ಒಂದ ತರ. ನಡುರಾತ್ರಿ ದಾಟಿದ ಮ್ಯಾಲ ಬೆವರು ಇಳದು ಬಣ್ಣದ ಹುಬ್ಬಿನ ಕೆಳಗ ಅಸಲಿ ಹುಬ್ಬು ಮೂಡತೈತಿ. ನಕ್ಕಾಗ ಮೀಸಿ ತುದಿಯ ಗೋಂದು ಬಿಟ್ಟು ಒಂದು ಮೂಲಿ ಗಾಳಿಗೆ ಏಳತೈತಿ, ಅಂವ ಡೈಲಾಗ್ ಹೇಳ್ಕೋತನ ಬೆರಳಿಲೆ ಒತ್ಕೋತಾನ. ಕ್ಯಾರಿಕೇಚರ್ ಇರೂದ ಅಲ್ಲಿ.

ಇನ್ನೊಂದು, ಡ್ರಾಮಾ ಡ್ರೆಸ್ ಬಾಡಿಗಿದಾದ್ರ ಅದನ್ನೂ ನೋಡ್ರಿ. ಬಾಡಿಗಿ ಡ್ರೆಸ್ ಯಾರ ಮೈಗೂ ಹೊಲದದ್ದಲ್ಲ. ದಪ್ಪ ಮನಶ್ಯಾಗ ಎದಿಕವಚ ಬಗಲಾಗ ಕೂಡೂದಿಲ್ಲ, ಹಿಂದ ದಾರ ಎಳದು ಕಟ್ಟಿರ್ತಾರ. ಸಣಕಲಗ ಡಾಬು ಸೊಂಟದಿಂದ ಜಾರಿ ಒಂದು ಕಡೆ ವಾಲತೈತಿ. ಪಿನ್ನು, ಗಂಟು, ವಾಲಿದ ಡಾಬು ಒಂದೊಂದು ಗೆರಿ ಹಾಕಿದ್ರ ನಗೂ ತಾನ ಬರತೈತಿ, ಮುಖಾ ವಿಕಾರ ಮಾಡೂ ಗರಜ ಬೀಳೂದಿಲ್ಲ.

ಹಾನಗಲ್ ಗೆರಿ:
ಇದು ಭಾಳ ಚಲೋ ಆತ್ರಿ ಬೇಗಡೆಯವರ. ರಾತ್ರಿಯೆಲ್ಲಾ ಕುಂತು ಬರ್ಯಾಕ ಆಗ್ಲಿಲ್ಲಂದ್ರ ಮೊಬೈಲ್ ಫೋಟೋ ನಡೀತೈತೇನು?

ಮಾಳಮಡ್ಡಿ:
ನಡೆಯುತ್ತದೆ, ಆದರೆ ಹತ್ತಿರ ಹೋಗಿ ತೆಗೆಯಬೇಡಿ. ಎರಡು ಫೂಟಿನಿಂದ ತೆಗೆದರೆ ಮೂಗು ಉಬ್ಬಿ, ಕಿವಿ ಹಿಂದೆ ಸರಿದು, ಲೆನ್ಸೇ ಒಂದು ಸುಳ್ಳು ಕ್ಯಾರಿಕೇಚರ್ ಮಾಡಿಬಿಡುತ್ತದೆ. ಅದನ್ನು ನಂಬಿ ಇನ್ನಷ್ಟು ಹಿಗ್ಗಿಸಿದರೆ ಬೇರೆಯವನ ಮುಖ ಬರುತ್ತದೆ. ಏಳೆಂಟು ಫೂಟು ದೂರ ನಿಂತು 2ಎಕ್ಸ್ ಜೂಮ್ ಹಾಕಿ. ಫ್ಲ್ಯಾಶ್ ಬೇಡ. ವೇಷದ ಮೇಲಿನ ಬೇಗಡೆ ಹಾಳೆ, ಕನ್ನಡಿ ಚೂರು ಬಿಳಿ ಚುಕ್ಕೆಯಾಗಿ ಹೊಡೆದು ದವಡೆಯ ನೆರಳು ಮಾಯವಾಗುತ್ತದೆ. ಫೋಟೋಕ್ಕಿಂತ ಹತ್ತು ಸೆಕೆಂಡಿನ ವಿಡಿಯೋ ಮೇಲು, ಕುಣಿತದ ಹೆಜ್ಜೆಯಲ್ಲಿ ಭಾರ ಯಾವ ಕಾಲಿನ ಮೇಲೆ ಬೀಳುತ್ತದೆ ಗೊತ್ತಾಗುತ್ತದೆ.

ರಾಣೇಬೆನ್ನೂರ ರಂಗು:
ಕತ್ತಲದಾಗ ಸ್ಕೆಚ್ ಮಾಡೂದರ ಬಗ್ಗೆ ಒಂದು ಮಾತು. ನ್ಯೂಯಾರ್ಕಿನ ಆಲ್ ಹರ್ಷ್‌ಫೀಲ್ಡ್ (1903-2003) ಅಲ್ಲಿನ ಬ್ರಾಡ್‌ವೇ ರಂಗಭೂಮಿ ನಟರನ್ನ ದಶಕಗಟ್ಟಲೆ ಬರದಾಂವ. ಥೇಟರಿನ ಕತ್ತಲದಾಗ ನೋಡಲಾರದನ ಗೀಚಿ ಟಿಪ್ಪಣಿ ಮಾಡ್ಕೊಂಡು, ಆಮ್ಯಾಲ ಮನ್ಯಾಗ ಕುಂತು ಶಾಯಿಲೆ ಬರೀತಿದ್ದ. ಚಿತ್ರ ಪೂರಾ ಮಾಡೂದಲ್ಲ, ನೆನಪಿಗೆ ಕೊಕ್ಕಿ ಹಾಕೂದು. ಮೂರು ಗೆರಿ ಸಾಕು: ಬೆನ್ನಿನ ಬಾಗು, ಗಲ್ಲದ ಮೂಲಿ, ಕೈ ಎತ್ತೂ ಕೋನ. ಅಕ್ಷರದಾಗೂ ಬರಕೋಬಹುದು, 'ಗಲ್ಲ ಹಾರದಾಗ' ಅಂತ.

ನವನಗರ ನಿಬ್ಬು:
ಅಂವ ಮಗಳ ಹೆಸರು ಚಿತ್ರದಾಗ ಮುಚ್ಚಿಡ್ತಿದ್ನಲ್ಲ? ನೀನಾ ಅಂತ.

ರಾಣೇಬೆನ್ನೂರ ರಂಗು:
ಹೌದು. ಮಗಳು ಹುಟ್ಟಿದ್ದು 1945ರಾಗ, ಅಲ್ಲಿಂದ ಶುರು. ಸಹಿ ಬಾಜೂಕ ಒಂದು ಅಂಕಿ ಇದ್ರ ಆ ಚಿತ್ರದಾಗ ಹೆಸರು ಅಷ್ಟು ಸಲ ಐತಿ ಅಂತ. ಹೆಚ್ಚಾಗಿ ಮುಚ್ಚತಿದ್ದದ್ದು ಬಟ್ಟಿ ನಿರಗಿ, ತೋಳಿನ ಸುಕ್ಕು, ಕೂದಲದಾಗ. ಅಂದ್ರ ಉಡುಪಿನ ಗೆರಿ ಅಷ್ಟು ಹಗುರ, ಅಷ್ಟು ಬಿಡಿ ಇದ್ವು.

ಬ್ಯಾಡಗಿ ಖಾರ:
ಹಾನಗಲ್ಲದವರ, ನೀವೂ ಕಮಿಟಿ ಅಧ್ಯಕ್ಷರ ಹೆಸರು ಭುಜಕೀರ್ತಿಯಾಗ ಮುಚ್ರಿ, ರೊಕ್ಕಾ ಲಗೂನ ಬರ್ತಾವು.

ಹಿರೇಕೆರೂರ:
ಕ್ಯಾರಿಕೇಚರ್ ಅಂದ್ರ ಅವಮಾನ ಮಾಡಿದಂಗ ಅಲ್ಲೇನ್ರಿ? ಊರ ಮಂದಿ ಮುಂದ ಅಂವನ ಗಿಡ್ಡ ಕುತ್ತಿಗಿ ಆರು ಫೂಟು ಮಾಡಿ ನಿಲ್ಲಸೂದು ಸರಿ ಕಾಣ್ಸೂದಿಲ್ಲ. ಮನೀಮಂದಿನೂ ಆಟಕ್ಕ ಬರ್ತಾರ.

ಸೈಡ್ ವಿಂಗ್:
ಪೆನ್ಸಿಲ್ ಸ್ಕೆಚ್ ಇದ್ದಾಗನ ನಟಗ ತೋರಸ್ರಿ, ಶಾಯಿ ಆದ ಮ್ಯಾಲ ಅಲ್ಲ. ರೋಗದಿಂದ, ಪೆಟ್ಟಿನಿಂದ ಆದ ಗುರ್ತು ಮುಟ್ಟಬಾರದು. ಕುಂಟು, ಮೆಳ್ಳಗಣ್ಣು, ಸುಟ್ಟ ಕಲಿ ಇವ್ಯಾವೂ ಬ್ಯಾಡ. ಆದ್ರ ದುರ್ಯೋಧನನ ಠೇಂಕಾರಕ್ಕ ಅಂವನ ದವಡಿ ಹೊಂದತೈತಿ ಅಂತ ಪಾತ್ರ ಕೊಟ್ಟಿರ್ತಾರ, ಅದನ್ನ ಎತ್ತಿ ತೋರಿಸಿದ್ರ ಅವಮಾನ ಹೆಂಗಾಗತೈತಿ?

ಹಿರೇಕೆರೂರ:
ಹೆಣ್ಣು ಪಾರ್ಟಿನವರದು ಬರದಾಗ ನೋಡ್ರಿ, ಎಲ್ಲಾರೂ ಎದಿ, ಸೊಂಟಾನ ಹಿಗ್ಗಸೂದು. ಅದಕ್ಕ ಅಂದೆ.

ಮಾಳಮಡ್ಡಿ:
ಆ ಮಾತು ಒಪ್ಪಿದೆ. ಗಂಡಸರು ಹೆಣ್ಣು ಪಾತ್ರ ಮಾಡಿದ್ದನ್ನು ಬರೆಯುವಾಗ ಅದು ಅತಿ ಸೋಮಾರಿ ದಾರಿ. ನೋಡಬೇಕಾದದ್ದು ಮಣಿಕಟ್ಟು, ಗಂಟಲಮಣಿ, ಸೆರಗು ಹಿಡಿಯುವ ಬೆರಳು. ಜಪಾನಿನ ಚಿತ್ರಕಾರ ಶರಾಕು ಅಲ್ಲಿನ ಕಬುಕಿ ನಾಟಕದ ನಟರನ್ನು ಹೀಗೇ ಬರೆದ. ಹೆಣ್ಣಿನ ಪಾತ್ರದಲ್ಲೂ ಒಳಗಿನ ವಯಸ್ಸಾದ ಗಂಡಸಿನ ದವಡೆ, ಉದ್ದ ಮೂಗು ಕಾಣುತ್ತದೆ, ಆದರೂ ಪಾತ್ರದ ಗಾಂಭೀರ್ಯ ಕೆಡುವುದಿಲ್ಲ. ಹಾಗೆ ಸತ್ಯ ಬರೆದದ್ದೇ ಅವನ ಕಾಲದವರಿಗೆ ರುಚಿಸಲಿಲ್ಲ ಎಂಬ ಟಿಪ್ಪಣಿ ಉಳಿದಿದೆ.

ನವನಗರ ನಿಬ್ಬು:
ಶರಾಕು ಹತ್ತಿಪ್ಪತ್ತು ವರ್ಷ ನಟರನ್ನಷ್ಟ ಬರದಾನ, ಅದಕ್ಕ ಕೈ ಪಳಗಿತ್ತು.

ಮಾಳಮಡ್ಡಿ:
ಇಲ್ಲ ಇಲ್ಲ. 1794-95ರ ನಡುವೆ ಸುಮಾರು ಹತ್ತೇ ತಿಂಗಳು. ಅಷ್ಟರಲ್ಲಿ 140ಕ್ಕೂ ಹೆಚ್ಚು ಅಚ್ಚು ಬಂದವು, ಆಮೇಲೆ ಹೆಸರೇ ಇಲ್ಲ. ಮೊದಲ ಕಂತಿನವು ಎದೆಮಟ್ಟದ ಚಿತ್ರಗಳು, ಹಿನ್ನೆಲೆಗೆ ಅಭ್ರಕದ ಪುಡಿ ಹಾಕಿದ ಕಪ್ಪು. ಅದರಲ್ಲಿ ಒಬ್ಬ ಖಳನ ಎರಡೂ ಕೈ ಎದೆಯ ಮುಂದೆ ಬೆರಳಗಲಿಸಿ ಹೊರಬಂದಿವೆ. ಮುಖಕ್ಕೆ ಹೋಲಿಸಿದರೆ ಕೈ ತೀರಾ ಸಣ್ಣವು, ಅದರಿಂದಲೇ ಮುಖ ಮುಂದೆ ನುಗ್ಗಿದಂತೆ ಕಾಣುತ್ತದೆ. ಹಿಗ್ಗಿಸುವುದಷ್ಟೇ ಅಲ್ಲ, ಪಕ್ಕದ್ದನ್ನು ಕುಗ್ಗಿಸುವುದೂ ಕೆಲಸ ಮಾಡುತ್ತದೆ.

ಗದಗ ಬೆಟಗೇರಿ:
ಹೆಣ್ಣು ಪಾತ್ರದ ಮಾತು ಬಂತಂತ ಹೇಳ್ತೀನಿ, ನಮ್ಮ ಭಾಗದಾಗ ಇದಕ್ಕ ದೊಡ್ಡ ಪರಂಪರಾನ ಐತಿ. 1870ರ ದಶಕದಾಗ ಶಾಂತಕವಿಗಳು ಗದಗದಾಗ ಕನ್ನಡ ನಾಟಕ ಮಂಡಳಿ ಕಟ್ಟಿದ್ರು. ಆಮ್ಯಾಲ ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿನೂ ಗದಗದ್ದ. ಏಣಗಿ ಬಾಳಪ್ಪನವರು (1914-2017) ಹುಡುಗ ಇದ್ದಾಗ ಹೆಣ್ಣು ಪಾತ್ರ ಮಾಡಿದವರು. ಕುಂದಗೋಳದವರ, ನಿಮ್ಮ ಸವಾಯಿ ಗಂಧರ್ವರು ಬರೇ ಗವಾಯಿ, ಅವರನ್ನ ಈ ಸಾಲಿನ್ಯಾಗ ಹಿಡೀಬ್ಯಾಡ್ರಿ ಮತ್ತ.

ಕುಂದಗೋಳ ಕುಂಚ:
ಯಾರ್ರಿ ಹೇಳಿದವರು? ಸವಾಯಿ ಗಂಧರ್ವರು ಮರಾಠಿ ರಂಗಭೂಮಿ ಮ್ಯಾಲ ಹೆಣ್ಣು ಪಾತ್ರ ಮಾಡೇ ಹೆಸರಾದವರು. ಹುಬ್ಬಳ್ಳ್ಯಾಗ ಅವರ ಹೆಸರಿನ ಸಭಾಭವನಕ್ಕ ಬರೇ ಕಛೇರಿ ಕೇಳಾಕ ಹೋಗ್ತೀರಿ, ಅದಕ್ಕ ಹಂಗನಸತೈತಿ.

ಗದಗ ಬೆಟಗೇರಿ:
ಆತ್ರಿ, ಸಾಲಿಗೆ ಸೇರಸ್ತೀನಿ.

ಬ್ಯಾಡಗಿ ಖಾರ:
ದಾರಿಗೆ ಬರ್ರಿ. ಹಾಳಿ, ಶಾಯಿ ಕೇಳ್ಯಾರ.

ನವನಗರ ನಿಬ್ಬು:
ಅದು ನನ್ನ ಖಾತಿ. ಹಾಳಿ 250 ಅಥವಾ 300 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳಿ ತೂಕ ಗ್ರಾಮಿನ್ಯಾಗ), ಮೈ ನುಣ್ಣಗಿರಬೇಕು. ಬ್ರಿಸ್ಟಲ್ ಬೋರ್ಡ್ ಸಿಕ್ಕರ ಅದ. ಖಡಬಡ ಇರೂ ವಾಟರ್‌ಕಲರ್ ಹಾಳಿ ಬ್ಯಾಡ, ನಿಬ್ಬಿನ ತುದಿ ಎಳಿಗೆ ಸಿಕ್ಕು ಶಾಯಿ ಚಿಮ್ಮತೈತಿ. ಶಾಯಿ ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕ್. ಇದನ್ನ ಫೌಂಟನ್ ಪೆನ್ನಿಗೆ ತುಂಬಬ್ಯಾಡ್ರಿ, ಒಳಗ ಗಟ್ಟಿಯಾಗಿ ಪೆನ್ನ ಹೋತು. ಅದ್ದಿ ಬರಿಯೂ ಜಿ ನಿಬ್ಬು (ಒತ್ತಿದ್ರ ಗೆರಿ ದಪ್ಪ ಆಗೂ ಚೂಪು ನಿಬ್ಬು) ತಗೋರಿ. ಹೊಸಾ ನಿಬ್ಬಿಗೆ ಎಣ್ಣಿ ಸವರಿರ್ತಾರ, ಶಾಯಿ ಹಿಡಿಯೂದಿಲ್ಲ, ಹನಿಯಾಗಿ ದಬಕ್ಕನ ಬೀಳತೈತಿ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ತೊಳೀರಿ.

ಏಪ್ರಿಲ್-ಮೇ ಜಾತ್ರಿ ಬಿಸಲಾಗ ಫ್ಯಾನ್ ಕೆಳಗ ಕುಂತ್ರ ನಿಬ್ಬಿನ ಮ್ಯಾಲನ ಶಾಯಿ ಒಣಗತೈತಿ. ಬಾಜೂಕ ನೀರಿನ ಬಟ್ಟಲ ಇಟ್ಟು ನಾಕೈದು ಗೆರಿಗೊಮ್ಮೆ ಅದ್ದಿ ಒರಸ್ರಿ. ಜುಲೈದಾಗ ಧಾರವಾಡ ಜಿಟಿಜಿಟಿ ಮಳ್ಯಾಗ ಉಲ್ಟಾ, ಹಾಳಿ ತಂಪು ಹೀರಿ ಗೆರಿ ಅಂಚು ಒಡೀತೈತಿ. ಹಾಳಿ ಪ್ಲಾಸ್ಟಿಕ್ ಚೀಲದಾಗ ಸುತ್ತಿ ಇಡ್ರಿ. ಮತ್ತ ಶಾಯಿ ಒಣಗ್ಯಾದಂತ ಲಗೂನ ರಬ್ಬರ್ ಹಾಕಬ್ಯಾಡ್ರಿ, ದಪ್ಪ ಗೆರಿ ಒಳಗ ಹಸಿ ಇರತೈತಿ, ಮುಖದ ತುಂಬ ಮಸಿ ಬಳಕೋತೈತಿ.

ಬೇಗಡೆ:
ಆಭರಣಕ್ಕ ಒಂದು ಮಾತು ಸೇರಸ್ತೀನಿ. ಭುಜಕೀರ್ತಿದು ಎಲ್ಲಾ ಮಣಿ, ಎಲ್ಲಾ ಕನ್ನಡಿ ಬರೀಬ್ಯಾಡ್ರಿ. ಒಂದು ಕಡೆ ಭುಜಕೀರ್ತಿ ಪೂರಾ ಬರೀರಿ, ಇನ್ನೊಂದರಾಗ ಹೊರಗೆರಿ, ನಾಕು ಚುಕ್ಕಿ. ನೋಡಾಂವನ ಕಣ್ಣು ಉಳದದ್ದು ತಾನ ತುಂಬ್ಕೋತೈತಿ. ಕಿರೀಟದಾಗ ಪಟ್ಟಿ ಹತ್ರ ಕೆಲಸ ಒತ್ತೊತ್ತಾಗಿ ಮಾಡಿ, ತುದಿಗೆ ಹೋದಂಗ ಬಿಡ್ಕೋತ ಹೋಗ್ರಿ. ಹಂಗ ಮಾಡಿದ್ರ ಕಣ್ಣು ಕೆಳಗ ಮುಖಕ್ಕ ಇಳೀತೈತಿ. ಎಲ್ಲಾ ಕಡೆ ಒಂದ ಸಮ ಕುಸುರಿ ಮಾಡೂದಕ್ಕ ಕ್ಯಾಲೆಂಡರ್ ರಾಜ ಬರೂದು.

ಬಂಗಾರಕ್ಕ ಗೋಲ್ಡ್ ಪೇಂಟ್ ಬಳೀಬ್ಯಾಡ್ರಿ, ಸ್ಕ್ಯಾನ್ ಮಾಡಿದಾಗ ಮಣ್ಣಿನ ಬಣ್ಣ ಬರತೈತಿ. ಯೆಲ್ಲೋ ಓಕರ್ (ಮಣ್ಣಹಳದಿ) ಹಾಕಿ, ನೆರಳಿಗೆ ಬರ್ನ್ಟ್ ಸಿಯೆನ್ನಾ (ಕೆಂಪು ಕಂದು), ಮಿಂಚಿಗೆ ಹಾಳೀದ ಬಿಳೀ ಬಿಡ್ರಿ, ಅದರ ಅಂಚಿಗೆ ಚೂರು ಲೆಮನ್ ಯೆಲ್ಲೋ. ಬಂಗಾರ ಕಾಣೂದು ಬಣ್ಣದಿಂದಲ್ಲ, ಗಪ್ಪಂತ ಕತ್ತಲಿಂದ ಬೆಳಕಿಗೆ ಹಾರೂದರಿಂದ.

ಹಾನಗಲ್ ಗೆರಿ:
ಈಗ ಪ್ರಿಂಟ್. ಹಾವೇರ್ಯಾಗ ಫ್ಲೆಕ್ಸ್ ಹೊಡಸೂದು ಅಂತ ಮಾತಾಗೈತಿ.

ಪ್ರೆಸ್ ಕಾಕಾ:
ಪ್ಲಾಸ್ಟಿಕ್ ಫ್ಲೆಕ್ಸಿಗೆ ರಾಜ್ಯದಾಗ 2016ರಿಂದನ ನಿಷೇಧ ಐತಿ ತಮ್ಮಾ, ಎಲ್ಲಾ ಕಡೆ ಕಾಣತಾವು ಅನ್ನೂದು ಬ್ಯಾರೆ. ಬಟ್ಟಿ ಮ್ಯಾಲ ಹೊಡಸ್ರಿ, ಇಲ್ಲಾ ಪ್ಲೈವುಡ್ ಮ್ಯಾಲ ಕೈಲೆ ಬರೀರಿ. ಪ್ರಿಂಟಿಗೆ ಕೊಡೂದಾದ್ರ ಏ3 ಚಿತ್ರ 600 ಡಿಪಿಐಗೆ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಸ್ರಿ, ಉದ್ದಕ್ಕ ಸುಮಾರು 9,900 ಪಿಕ್ಸೆಲ್ ಬರ್ತಾವು. ಆರು ಫೂಟಿಗೆ 100 ಡಿಪಿಐ ಅಂದ್ರ 7,200 ಸಾಕು. ವಾಟ್ಸಾಪಿನ್ಯಾಗ ಫೋಟೋ ಅಂತ ಕಳಸಬ್ಯಾಡ್ರಿ, ಡಾಕ್ಯುಮೆಂಟ್ ಅಂತ ಕಳಸ್ರಿ, ಇಲ್ಲಂದ್ರ ಒತ್ತಿ ಸಣ್ಣದು ಮಾಡತೈತಿ.

ಗೆರಿ ದಪ್ಪ ಮರೀಬ್ಯಾಡ್ರಿ. 42 ಸೆಂಟಿಮೀಟರ್ ಹಾಳಿ 183 ಸೆಂಟಿಮೀಟರ್ ಆಗೂದಂದ್ರ 4.36 ಪಟ್ಟು. ಹಾಳ್ಯಾಗ ಅರ್ಧ ಮಿಲಿಮೀಟರ್ ಇದ್ದ ಹೊರಗೆರಿ ಕಟೌಟಿನ್ಯಾಗ ಎರಡು ಮಿಲಿಮೀಟರ್ ಚಿಲ್ಲರೆ. ರಸ್ತಾದ ಆ ಕಡೆ ನಿಂತಾವಗ ಕಾಣೂದಿಲ್ಲ. ಹೊರಗೆರಿ ಒಂದೂವರಿ ಮಿಲಿಮೀಟರ್ ಇಡ್ರಿ, ಬ್ರಷಲೆ ಹಾಕ್ರಿ. ನಿಬ್ಬು ಒಳಗಿನ ಕೆಲಸಕ್ಕಷ್ಟ.

ರಾಣೇಬೆನ್ನೂರ ರಂಗು:
ನನ್ನ ಮತ ಪ್ಲೈವುಡ್ಡಿಗೆ. ಹಾಳಿ ಮ್ಯಾಲ 3 ಸೆಂಟಿಮೀಟರಿನ ಚೌಕ ಹಾಕ್ರಿ, ಪ್ಲೈ ಮ್ಯಾಲ 13 ಸೆಂಟಿಮೀಟರಿಂದು. ಚೌಕಕ್ಕ ಚೌಕ ಇಳಸ್ಕೋತ ಹೋದ್ರ ಆತು. 12 ಎಂಎಂ ಪ್ಲೈ ಭಾಳ ಭಾರ, 6 ಎಂಎಂ ತಗೊಂಡು ಹಿಂದ ಕಟ್ಟಿಗಿ ಪಟ್ಟಿ ಹೊಡೀರಿ. ಪ್ರೈಮರ್ ಎರಡೂ ಮೈಗೆ ಬಳೀರಿ, ಮುಂದ ಅಷ್ಟ ಬಳದ್ರ ಪ್ಲೈ ಡೊಂಕಾಗತೈತಿ. ಬಣ್ಣ ಆಯಿಲ್ ಪೇಂಟ್ ಬ್ಯಾಡ, ರಾತ್ರಿ ಫೋಕಸ್ ಲೈಟ್ ಬಿದ್ರ ಮಿಂಚಿ ಮುಖಾನ ಕಾಣೂದಿಲ್ಲ. ಮ್ಯಾಟ್ ಇಮಲ್ಷನ್.

ಕತ್ತರಸೂದು ಮುಂದ ಬರತೈತಿ ಅಂತ ಚಿತ್ರ ಬರಿಯೂವಾಗನ ನೆನಪಿರ್ಲಿ. ಕಿರೀಟದ ಕಳಸ, ಭುಜಕೀರ್ತಿ ಚೂಪು, ಮೀಸಿ ತುದಿ ಹೊರಗ ಒಂಟಿಯಾಗಿ ಚಾಚಿದ್ರ ಮೊದಲನೇ ದಿನಾನ ಮುರೀತಾವು. ಗದಿ ಹೆಗಲ ಮ್ಯಾಲ ಹೊರಗ ಚಾಚಬ್ಯಾಡ್ರಿ, ಮೈಯಡ್ಡ ಬರ್ಲಿ, ಗುಂಡು ತೊಡಿ ಹತ್ರ. ಪ್ಲೈ ಹಾಳಿ ಅಗಲ ನಾಕು ಫೂಟು, ಭುಜಕೀರ್ತಿ ಅದರೊಳಗ ಮುಗೀಬೇಕು.

ಸೈಡ್ ವಿಂಗ್:
ಕತ್ತರಸೂಕಿಂತ ಮೊದ್ಲ ಚಿತ್ರಕ್ಕ ಒಂದು ಪರೀಕ್ಷಾ. ಹೊರಗೆರಿ ಒಳಗ ಪೂರಾ ಕಪ್ಪು ತುಂಬಿದ ಒಂದು ಸಣ್ಣ ನಕಲು ಮಾಡ್ರಿ, ಹೆಬ್ಬೆರಳಿನಷ್ಟು. ಬರೇ ನೆರಳು ನೋಡಿ ತಾಲೀಮಿಗೆ ಬರೂ ಹುಡುಗ್ರು ಅಂವನ ಹೆಸರು ಹೇಳಬೇಕು. 'ದುರ್ಯೋಧನ' ಅಂದ್ರ ಅರ್ಧ ಪಾಸು. ಹೆಸರು ಬರ್ಲಿಲ್ಲಂದ್ರ ಕಣ್ಣು ಮೂಗು ತಿದ್ಕೋತ ಕುಂಡ್ರಬ್ಯಾಡ್ರಿ, ಭಂಗಿ ಬದಲಸ್ರಿ. ಎಡಗಾಲು ಹೊರಗ ಅಂದ್ರಲ್ಲ, ಅಲ್ಲಿಂದ ಶುರು ಮಾಡ್ರಿ. ಸೊಂಟ ಬಲಕ್ಕ ವಾಲಬೇಕು, ಡಾಬು ಎಡಕ್ಕ ಜಾರಬೇಕು.

ಹಿರೇಕೆರೂರ:
ನಟ ಒಪ್ಪಲಿಲ್ಲಂದ್ರ?

ಸೈಡ್ ವಿಂಗ್:
ಒಪ್ಪಲಿಲ್ಲಂದ್ರ ಬರೇ ಗದಿ ಬರದು ನಿಲ್ಲಸ್ರಿ. ಆದ್ರ ನಟರು ಒಪ್ತಾರ. ಜಗಳಾ ಬರೂದು ಶಕುನಿಯಾಂವಂದು, 'ನಂದ್ಯಾಕ ಇಲ್ಲ' ಅಂತ.

ಹಾನಗಲ್ ಗೆರಿ:
😄 ಅದು ಖರೇ. ಪ್ಲೈವುಡ್ಡ ಗಟ್ಟಿ ಮಾಡ್ತೀವ್ರಿ. ಗಾಳಿಗೆ ಬೀಳದಂಗ ಏನ್ ಮಾಡೂದು? ಮತ್ತ ಇಲ್ಲಿ ಬರದು ಊರಿಗೆ ಒಯ್ಬೇಕು.

ರಾಣೇಬೆನ್ನೂರ ರಂಗು:
ಹಿಂದ ತ್ರಿಕೋನದ ಊರುಗಾಲು ಎರಡು, ಅವುಗಳ ಮ್ಯಾಲ ಉಸುಕಿನ ಚೀಲ ಒಂದೊಂದು. ಕಾಲಿನ ಕೆಳಗ ನೆಲದ ತುಣುಕು ಅಂತ ಒಂದು ಅಗಲ ಪಟ್ಟಿ ಬಿಡ್ರಿ, ಬರೇ ಎರಡು ಪಾದದ ಮ್ಯಾಲ ಪ್ಲೈ ನಿಲ್ಲೂದಿಲ್ಲ.

ಪ್ರೆಸ್ ಕಾಕಾ:
ಟಂಟಂ ಗಾಡ್ಯಾಗ ಮಲಗಿಸಿ ಒಯ್ರಿ, ಮುಖಾ ಮ್ಯಾಲ ಮಾಡಿ, ಹಳೀ ಚಾದರ ಹೊಚ್ಚಿ. ನಿಲ್ಲಿಸಿ ಕಟ್ಟಿದ್ರ ಬೈಪಾಸಿನ ಗಾಳಿಗೆ ಕಿರೀಟ ಮೊದ್ಲ ಹೋಗತೈತಿ.